ಒಂದೇ ಬಾಣಲೆಯ ಚಿತ್ರಾನ್ನ

ವಾರಗಿತ್ತಿಯರಿಬ್ಬರದು ಒಂದೇ ಮನೆ, ಒಲೆ ಮಾತ್ರ ಬೇರೆ. ಇಬ್ಬರ ಗಂಡುಮಕ್ಕಳೂ ಒಂದೇ ಸ್ಕೂಲಿಗೆ ಹೋಗುತ್ತಿದ್ದರು. ದೊಡ್ಡವಳು ಗಿರಿಜಾಂಬ. ಅವಳ ಮಗ ಚಂದು ತನ್ನ ಊಟದ ಡಬ್ಬಿ ಮುಟ್ಟದೆ, ತಮ್ಮನ ಡಬ್ಬಿಗೇ ಕೈ ಹಾಕುತ್ತಿದ್ದ. ಚಿಕ್ಕವಳು ಇಂದಿರಾ. ಆ ತಮ್ಮ ಇವಳ ಮಗ; ದಿನಾ ಅರೆಹೊಟ್ಟೆಯಲ್ಲಿ ಮನೆಗೆ ಬರುತ್ತಿದ್ದ.

ಆದರೂ ಹೊಟ್ಟೆ ಉರಿದದ್ದು ಗಿರಿಜಾಂಬಳಿಗೆ. ಹೆತ್ತ ಮಗನಿಗೆ ವಾರಗಿತ್ತಿಯ ಕೈರುಚಿ ಹೆಚ್ಚಾಯಿತೇ? ಒಂದು ದಿನ ಅತ್ತೆಯ ಎದುರಿಗೇ ಅಂದಳು: "ಇವಳು ಅನ್ನಕ್ಕೆ ಏನೋ ಮದ್ದು ಹಾಕ್ತಾಳೆ ಅತ್ತೆ. ನಾಳೆಯಿಂದ ಎರಡು ಡಬ್ಬಿಗೂ ನಾನೇ ಮಾಡ್ತೀನಿ. ಇವಳು ಸೌಟು ಮುಟ್ಟಕೂಡದು."

ಇಂದಿರಾಗೆ ಮೈಯೆಲ್ಲ ಉರಿಯಿತು. ಮಾತು ಮಾತ್ರ ತಣ್ಣಗೆ ಬಂತು. "ಆಗಲಿ ಅಕ್ಕ. ನನ್ನ ಮಗನ ಡಬ್ಬಿ ಮಾತ್ರ ಸ್ವಲ್ಪ ದೊಡ್ಡದಿರಲಿ. ಇಬ್ಬರು ತಿನ್ನಬೇಕಲ್ಲ."

"ಇನ್ನು ಯಾರು ಕೈ ಹಾಕ್ತಾರೋ ನೋಡ್ತೀನಿ," ಅಂತ ಗಿರಿಜಾಂಬ ಹಟಕ್ಕೆ ಬಿದ್ದು, ಮರುದಿನ ದೊಡ್ಡ ಡಬ್ಬಿಯನ್ನೇ ತುಂಬಿದಳು. ಬೆಳಿಗ್ಗೆ ಅವಳು ಒಲೆ ಮುಂದೆ ಬೆವರುತ್ತಿದ್ದರೆ, ಇಂದಿರಾ ನಿಧಾನವಾಗಿ ಮಗನ ತಲೆ ಬಾಚುತ್ತಿದ್ದಳು.

ಸಂಜೆ ತಮ್ಮನ ಡಬ್ಬಿ ನೆಕ್ಕಿದ ಹಾಗೆ ಖಾಲಿ. ಚಂದುವಿನದು ಹಾಕಿದ ಹಾಗೇ ಇತ್ತು.

"ಎರಡೂ ಒಂದೇ ಬಾಣಲೆಯ ಚಿತ್ರಾನ್ನ ಕಣೋ," ಅಂತ ಗಿರಿಜಾಂಬ ತಲೆ ಚಚ್ಚಿಕೊಂಡಳು.

"ಅವನ ಡಬ್ಬೀದೇ ರುಚಿ ಅಮ್ಮ," ಅಂದ ಚಂದು.

ಇಂದಿರಾ ಒಂದೇ ಪಾತ್ರೆಯಿಂದ ಮೂರು ಲೋಟಕ್ಕೆ ಕಾಫಿ ಬಗ್ಗಿಸಿ, ಅತ್ತೆಗೊಂದು, ಅಕ್ಕನಿಗೊಂದು ಕೊಟ್ಟಳು. ಗಿರಿಜಾಂಬ ತನ್ನ ಲೋಟ ನೋಡಿದಳು, ಆಮೇಲೆ ಇಂದಿರಾಳ ಲೋಟ ನೋಡಿದಳು.

"ನಿನ್ನದು ಸ್ವಲ್ಪ ಗಟ್ಟಿ ಇದ್ದಂಗಿದೆ."

ಇಂದಿರಾ ಲೋಟ ಬದಲಾಯಿಸಿ ಕೊಟ್ಟಳು. "ಚಂದೂಗೆ ಯಾರೂ ಮದ್ದು ಹಾಕಿಲ್ಲ ಅಕ್ಕ. ಅವನು ನಿಮ್ಮ ಮಗ, ಅಷ್ಟೇ."

ಅತ್ತೆಗೆ ಕಾಫಿ ನೆತ್ತಿಗೇರಿತು.