ಅರಸರ ಎಲೆಯಿಂದ ಎದ್ದುಹೋದ ಊಟ

"ನಾನು ಗುಣ ಹೇಳಲಾರದ ಗಿಡ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ!"

ಕಣಗಿಲೆದುರ್ಗದ ಆಸ್ಥಾನ ವೈದ್ಯ ತ್ರ್ಯಂಬಕ ಪಂಡಿತರು ತುಂಬಿದ ಸಭೆಯಲ್ಲಿ ಹೀಗೆ ಎದೆ ತಟ್ಟಿಕೊಂಡರು. ಪಂಡಿತರಿಗೆ ವಿದ್ಯೆ ಇತ್ತು, ಅದಕ್ಕಿಂತ ಒಂದು ಹಿಡಿ ಹೆಚ್ಚಾಗಿ ಜಂಬವೂ ಇತ್ತು.

"ಗರಿಕೆಯಿಂದ ಹಿಡಿದು ಆಲದ ಮರದವರೆಗೆ ಎಲ್ಲವೂ ಔಷಧಿಯೇ, ಪ್ರಭು. ಅಂಥದ್ದನ್ನು ಕಂಡಕಂಡವರು ಅರೆದು ಕುಡಿಸಬಹುದೇ?"

ಅರಸ ಮುದ್ದುವೀರನಾಯಕ ಒಳ್ಳೆಯವನೇ. ಆದರೆ ಕೊನೆಗೆ ಮಾತಾಡಿದವರ ಮಾತನ್ನೇ ನಂಬುವವನು. ಕೂಡಲೇ ಡಂಗುರ ಸಾರಿಸಿದ: ಪಂಡಿತರು ನಾಡಿ ಹಿಡಿದು ರೋಗವಿದೆ ಎಂದವರಿಗೆ ಮಾತ್ರ ಔಷಧಿ. ರೋಗವಿಲ್ಲದವರು ಮುಟ್ಟಬಾರದು, ಬೇರೆಯವರು ಕೊಡಬಾರದು. ತಪ್ಪಿದರೆ ಗಡೀಪಾರು.

ಮೂರನೆಯ ದಿನವೇ ಸಣ್ಣೀರಜ್ಜಿ ಸಿಕ್ಕಿಬಿದ್ದಳು. ಪಕ್ಕದ ಮನೆಯ ಕೂಸಿಗೆ ನೆಗಡಿಯೆಂದು ದೊಡ್ಡಪತ್ರೆ ಬಾಡಿಸಿ ರಸ ಹಿಂಡಿ ಕುಡಿಸಿದ್ದಳು. ಕೂಸನ್ನು ನೆಗಡಿ ಬಿಟ್ಟಿತು, ಅಜ್ಜಿಯನ್ನು ಕಾವಲಿನವರು ಹಿಡಿದರು. ಹೊತ್ತು ಮುಳುಗುವುದರೊಳಗೆ ಊರು ಬಿಡಬೇಕೆಂದು ಅಪ್ಪಣೆಯಾಯಿತು. ಎಪ್ಪತ್ತು ದಾಟಿದ ಮುದುಕಿ, ಎಲ್ಲಿಗೆ ಹೋದಾಳು?

ಸುದ್ದಿ ಆಸ್ಥಾನದ ಹಾಸ್ಯಗಾರ ಓಬಯ್ಯನ ಕಿವಿಗೆ ಬಿತ್ತು. ಅವನು ಎಳೆಗೂಸಾಗಿದ್ದಾಗ ಬಜೆ ತೇಯ್ದು ನಾಲಿಗೆಗೆ ನೆಕ್ಕಿಸಿದವಳು ಇದೇ ಅಜ್ಜಿ. ಅವನಿಗೆ ಕೆಟ್ಟ ಸಿಟ್ಟು ಬಂತು. ಆದರೂ ಮುಖದ ತುಂಬ ನಗು ತಂದುಕೊಂಡು ಮಧ್ಯಾಹ್ನ ಅರಸನ ಊಟದ ಮನೆಗೆ ಹೋದ.

ಪಂಡಿತರೂ ಅಲ್ಲೇ ಇದ್ದರು. ಅರಸರು ಉಣ್ಣುವಾಗ ಪಕ್ಕದಲ್ಲಿ ಕೂತು ನೋಡುವುದು ಆಸ್ಥಾನ ವೈದ್ಯರ ಕೆಲಸ. ಎಲೆ ಹಾಕಿತ್ತು, ಅನ್ನದ ಮೇಲೆ ಮೆಣಸಿನ ಸಾರು ಘಮಘಮಿಸುತ್ತಿತ್ತು. ಅರಸ ಕೈ ಇಡುವಷ್ಟರಲ್ಲಿ ಓಬಯ್ಯ ಬಾಯಿ ಹಾಕಿದ.

"ಪಂಡಿತರೇ, ಒಂದು ಸಂಶಯ. ನಮ್ಮ ಪ್ರಭುಗಳಿಗೆ ಏನಾದರೂ ರೋಗ ಉಂಟೇ?"

"ಛೆ ಛೆ! ನನ್ನ ಆರೈಕೆಯಲ್ಲಿ ರೋಗವೇ? ಬೆಳಿಗ್ಗೆಯಷ್ಟೇ ನಾಡಿ ನೋಡಿದ್ದೇನೆ. ವಜ್ರದಂಥ ದೇಹ!"

"ಸಂತೋಷ. ಈ ಸಾರಿನಲ್ಲಿರುವ ಮೆಣಸು?"

"ಕಫಕ್ಕೆ ರಾಮಬಾಣ!"

"ಜೀರಿಗೆ?"

"ಅಜೀರ್ಣಕ್ಕೆ ಅದಕ್ಕಿಂತ ಒಳ್ಳೆಯ ಮದ್ದುಂಟೇ!"

ಓಬಯ್ಯ ಅಡುಗೆಯವನಿಗೆ ಸನ್ನೆ ಮಾಡಿದ. ಸಾರಿನ ಪಾತ್ರೆ ಒಳಗೆ ಹೋಯಿತು.

"ಶುಂಠಿ ಹಾಕಿದ ಮಜ್ಜಿಗೆ?"

"ಶುಂಠಿಯೇ! ಅದರ ಹೆಸರೇ ವಿಶ್ವಭೇಷಜ, ಲೋಕಕ್ಕೆಲ್ಲ ಮದ್ದು!"

ಮಜ್ಜಿಗೆಯೂ ಹೋಯಿತು. ಪಂಡಿತರಿಗೆ ಈಗ ಹುರುಪು ಏರಿತ್ತು, ಪಾತ್ರೆಗಳು ಹೋಗುತ್ತಿರುವುದು ಕಣ್ಣಿಗೇ ಬೀಳಲಿಲ್ಲ.

"ಈ ಕೆಂಪಕ್ಕಿ ಅನ್ನ?"

"ವಾತ, ಪಿತ್ತ, ಕಫ, ಮೂರಕ್ಕೂ ಒಳ್ಳೆಯದು!"

"ಬಾಳೆ ಎಲೆ?"

"ಸುಟ್ಟ ಗಾಯಕ್ಕೆ ಹೊದಿಸಿ ನೋಡು, ತಂಪೋ ತಂಪು!"

ಅನ್ನದ ಸಮೇತ ಎಲೆಯೂ ಎದ್ದುಹೋಯಿತು. ಅರಸನ ಮುಂದೆ ಸಾರಿಸಿದ ನೆಲ ಮಾತ್ರ ಉಳಿಯಿತು.

"ಏನೋ ಇದು ಓಬಯ್ಯ? ಹೊಟ್ಟೆ ತಾಳ ಹಾಕ್ತಿದೆ!"

"ರೋಗವಿಲ್ಲದವರು ಔಷಧಿ ಮುಟ್ಟಬಾರದು ಅಂತ ತಾವೇ ಡಂಗುರ ಸಾರಿಸಿದ್ದೀರಿ, ಪ್ರಭು. ಸಣ್ಣೀರಜ್ಜಿ ಕೊಟ್ಟದ್ದು ನಾಲ್ಕು ಎಲೆಯ ರಸ. ತಮ್ಮ ಅಡುಗೆಯವ ಪಾತ್ರೆಗಟ್ಟಲೆ ಬಡಿಸಿದ್ದಾನೆ. ಅವನೂ ಅಜ್ಜಿಯ ಜೊತೆ ಊರು ಬಿಡಲಿ."

ಅಡುಗೆಯವನ ಕೈಯಿಂದ ಸೌಟು ಬಿತ್ತು. ಅರಸ ಪಂಡಿತರತ್ತ ತಿರುಗಿದ. ರೋಗವಿದೆ ಎಂದರೆ ಆರೈಕೆಗೆ ಅವಮಾನ, ಇದು ಔಷಧಿಯಲ್ಲ ಎಂದರೆ ವಿದ್ಯೆಗೆ ಅವಮಾನ.

ಅರಸನಿಗೆ ಹಟ ಬಂತು. "ಆಡಿದ ಮಾತು ಹಿಂದೆಗೆಯುವವನಲ್ಲ ನಾನು. ಇವತ್ತು ಉಪವಾಸ ಇರ್ತೇನೆ, ಹೋಗು!"

ಓಬಯ್ಯ ಕೈಮುಗಿದ.

"ಅದೂ ಆಗದು, ಪ್ರಭು. ಲಂಘನಂ ಪರಮೌಷಧಂ! ಉಪವಾಸಕ್ಕಿಂತ ದೊಡ್ಡ ಔಷಧಿ ಇಲ್ಲ ಅಂತ ಪಂಡಿತರ ಶಾಸ್ತ್ರವೇ ಹೇಳುತ್ತದೆ. ರೋಗವಿಲ್ಲದ ತಾವು ಉಣ್ಣುವಂತೆಯೂ ಇಲ್ಲ, ಉಪವಾಸ ಇರುವಂತೆಯೂ ಇಲ್ಲ!"

ಅರಸ ಹಸಿದ ಹೊಟ್ಟೆ ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕ.

"ಅಪ್ಪಣೆ ರದ್ದು! ಆ ಅಜ್ಜಿಯನ್ನು ಬಿಡಿಸಿ ಕರೆತನ್ನಿ. ಮೊದಲು ಸಾರು ತನ್ನಿ!"

ಎಲೆ ಬಂತು, ಅನ್ನ ಸಾರು ಬಂತು, ಹಿಂದೆಯೇ ಅಜ್ಜಿಯೂ ಬಂದಳು. ಅರಸ ತನ್ನ ಕೈಯ ಕಡಗ ಬಿಚ್ಚಿ ಓಬಯ್ಯನಿಗೆ ತೊಡಿಸಿ, ಅಜ್ಜಿಯ ಕಡೆ ತಿರುಗಿದ.

"ತಪ್ಪಾಯಿತಜ್ಜಿ. ನಿನಗೇನು ಬೇಕು, ಕೇಳು."

ಅಜ್ಜಿ ಅವನ ಬಾಡಿದ ಮುಖ ನೋಡಿದಳು, ಎಲೆ ನೋಡಿದಳು.

"ಅದೆಲ್ಲ ಆಮ್ಯಾಕೆ. ಮೊದ್ಲು ಉಣ್ಣು ಮಗಾ, ಸಾರು ಆರೋಗ್ತೈತೆ."