ಎಲೆಗೆ ಕಾಯದ ಪ್ಲಮ್ ಹೂವು

ಟೀ ಡಬ್ಬಿಯ ಚಿತ್ರದ ಮೇಲೆ ಬೆರಳಿಟ್ಟು, "ಅಜ್ಜೀ, ಈ ಕೊಂಬೆ ತುಂಬ ಹೂವಿದೆ, ಒಂದೂ ಎಲೆ ಇಲ್ಲವಲ್ಲ?" ಎಂದು ಕೇಳಿದೆಯಲ್ಲ, ಪುಟ್ಟೀ? ಅದು ಚೀನಾ ದೇಶದ ಪ್ಲಮ್ ಮರ. ಡಬ್ಬಿ ಕೆಳಗಿಡು, ಹೇಳುತ್ತೇನೆ.

ಲೋಕ ಇನ್ನೂ ಹೊಸದಾಗಿತ್ತು. ಹೊಳೆಗೆ ತನ್ನ ತಿರುವುಗಳೇ ಸರಿಯಾಗಿ ಬಾಯಿಪಾಠವಾಗಿರಲಿಲ್ಲ. ಆಗ ಪ್ಲಮ್ ಮರ ವಸಂತದಲ್ಲಿ ಎಲೆ, ಹೂ ಎರಡನ್ನೂ ಒಟ್ಟಿಗೇ ಬಿಡುತ್ತಿತ್ತು. ಹೂವು ಬೆಳ್ಳಗಿರುತ್ತಿತ್ತು. ಎಲೆಯ ಮಗ್ಗುಲಲ್ಲಿ ಹೂ ನೋಡುವುದೆಂದರೆ ಮರಕ್ಕೆ ಎಲ್ಲಿಲ್ಲದ ಸಂತೋಷ.

ಆ ಮರದ ಪಕ್ಕದಲ್ಲೇ ಚೆನ್ ಅಜ್ಜಿಯ ಮನೆ. ಅವಳ ಒಬ್ಬಳೇ ಮಗಳು ಲೀಹ್ವಾ ಮದುವೆಯಾಗಿ ಹೊಳೆ ಹರಿಯುವತ್ತ ಬಲು ದೂರ ಹೋಗಿದ್ದಳು. ಆ ದೇಶದಲ್ಲಿ ಹೊಸ ವರ್ಷದ ಎರಡನೆಯ ದಿನ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಏಳು ವರ್ಷ ಆ ದಿನ ಬಂದಿತ್ತು, ಲೀಹ್ವಾ ಬಂದಿರಲಿಲ್ಲ. ಏಳು ವರ್ಷವೂ ಅಜ್ಜಿ ಎರಡು ಬಟ್ಟಲು ಇಟ್ಟು, ಒಂದನ್ನು ಹಾಗೇ ಎತ್ತಿಟ್ಟಿದ್ದಳು.

ಎಂಟನೆಯ ವರ್ಷವೂ ಅಜ್ಜಿ ಅಕ್ಕಿಹಿಟ್ಟಿನ ಅಂಟು ಕಾಯಿಸಿ ಬಾಗಿಲಿಗೆ ಕೆಂಪು ಕಾಗದ ಅಂಟಿಸಿದಳು. ಹೊಸ ವರ್ಷಕ್ಕೆ ಎಲ್ಲರ ಬಾಗಿಲಲ್ಲೂ ಕೆಂಪು ಕಾಗದ ಇರಲೇಬೇಕು. ಸಾವಾದ ಮನೆಯವರು ಮಾತ್ರ ಅಂಟಿಸುವುದಿಲ್ಲ.

ಹಿಮ ಬಿದ್ದಿತ್ತು. ಗುಬ್ಬಚ್ಚಿಗಳಿಗೆ ಹೊಟ್ಟೆಗಿಲ್ಲ. ಅವು ಅಂಟನ್ನೆಲ್ಲ ಕುಕ್ಕಿ ಕುಕ್ಕಿ ತಿಂದವು. ಕಾಗದ ಕಳಚಿ ಮರದ ಬುಡಕ್ಕೆ ಬಿತ್ತು. ಅಜ್ಜಿಯ ಕಣ್ಣು ಮಂಜು, ಅವಳಿಗೆ ಗೊತ್ತೇ ಆಗಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಗಾಳಿ ಓಡಿ ಬಂತು. "ಲೀಹ್ವಾ ದೋಣೀಲಿ ಬರ್ತಿದಾಳೆ! ಇನ್ನೊಂದು ತಿರುವು ಅಷ್ಟೇ!"

"ಅಯ್ಯೋ, ಬಾಗಿಲು ಬೋಳಾಗಿದೆ!" ಎಂದಿತು ಮರ. "ಅಮ್ಮ ಇಲ್ಲ ಅಂದ್ಕೊಂಡು ದೋಣೀನ ತಿರುಗಿಸಿಬಿಡ್ತಾಳೆ."

"ತಿಂದಿದ್ದು ನಾವೇ," ಎಂದು ಗುಬ್ಬಚ್ಚಿಗಳು ಅತ್ತವು.

ಬುಡದಲ್ಲಿ ಕಾಗದ ಹಿಮಕ್ಕೆ ನೆನೆದು ಬಣ್ಣ ಬಿಟ್ಟಿತ್ತು. ಕೆಂಪು ನೀರು ಬೇರಿಗೆ ಇಳಿಯುತ್ತಿತ್ತು.

"ನಾನೇ ಹೂ ಬಿಡ್ತೀನಿ," ಎಂದಿತು ಮರ.

"ಹುಚ್ಚಾ ನಿಂಗೆ?" ಎಂದಿತು ಗಾಳಿ. "ಎಲೆ ಬರೋಕೆ ಇನ್ನೂ ಎಷ್ಟು ದಿನ ಇದೆ! ಈಗ ಹೂ ಬಿಟ್ರೆ ಇನ್ನು ಪ್ರತಿ ವರ್ಷ ಈಗ್ಲೇ ಬಿಡಬೇಕು; ನಿನ್ನ ಎಲೆ, ಹೂವು ಮತ್ತೆಂದೂ ಒಬ್ಬರನ್ನೊಬ್ಬರು ನೋಡಲ್ಲ."

ಮರ ತನ್ನ ಬೋಳು ಕೊಂಬೆಗಳನ್ನು ನೋಡಿಕೊಂಡಿತು. ಅದಕ್ಕೆ ತುಂಬಾ ಸಂಕಟವಾಯಿತು. ಒಳಗೆ ಅಜ್ಜಿ ಎರಡನೆಯ ಬಟ್ಟಲನ್ನು ಅಂಗಿಯ ತೋಳಿನಲ್ಲೇ ಒರೆಸುತ್ತಿದ್ದಳು. ಮರ ಕೆಂಪು ನೀರನ್ನು ಗಟಗಟನೆ ಕುಡಿಯಿತು.

ದೋಣಿ ತಿರುವಿಗೆ ಬಂತು. "ಕೆಂಪಿಲ್ಲ... ಅಮ್ಮ ಹೋಗ್ಬಿಟ್ಳು," ಎಂದು ಲೀಹ್ವಾ ಮುಖ ಮುಚ್ಚಿಕೊಂಡಳು. "ತಿರುಗಿಸಣ್ಣಾ, ಅಮ್ಮ ಇಲ್ಲದ ತವರಿಗೆ ಯಾಕೆ ಇಳೀಲಿ?"

"ಅಲ್ಲಿ ನೋಡು ತಾಯೀ," ಎಂದ ಅಂಬಿಗ.

ಬಾಗಿಲ ಪಕ್ಕ, ಬೆಳ್ಳನೆ ಹಿಮದ ನಡುವೆ, ಬೋಳು ಕೊಂಬೆ ತುಂಬ ಕೆಂಪು!

ಲೀಹ್ವಾ ದೋಣಿ ನಿಲ್ಲುವ ಮೊದಲೇ ನೀರಿಗಿಳಿದು ಓಡಿದಳು. ಆ ದಿನ ಎರಡು ಬಟ್ಟಲೂ ಖಾಲಿಯಾದವು.

ವಸಂತ ಬಂತು. ಹೂವೆಲ್ಲ ಉದುರಿದ ಮೇಲೆ ಪುಟ್ಟ ಪುಟ್ಟ ಎಲೆಗಳು ಕಣ್ಣು ಬಿಟ್ಟು ಅತ್ತ ಇತ್ತ ನೋಡಿದವು. "ಅಮ್ಮಾ, ನಮ್ಮ ಹೂವೆಲ್ಲಿ?"

"ಒಬ್ಬ ಮಗಳನ್ನ ಮನೆಗೆ ಕರೆಯೋಕೆ ಹೋಯ್ತು, ಕಂದಾ," ಎಂದಿತು ಮರ.

ಅಂದಿನಿಂದ ಪ್ಲಮ್ ಮರ ಹಿಮದಲ್ಲೇ, ಬೋಳು ಕೊಂಬೆಯಲ್ಲೇ ಕೆಂಪಗೆ ಹೂ ಬಿಡುತ್ತದೆ. ಎಲೆಗಳು ಪ್ರತಿ ವರ್ಷ ತಡವಾಗಿ ಬಂದು, ಪ್ರತಿ ವರ್ಷ ಅದನ್ನೇ ಕೇಳುತ್ತವೆ. ಈ ಟೀ ಡಬ್ಬಿಯ ಮೇಲೆ ನೀನು ನೋಡಿದ್ದು, ಪುಟ್ಟೀ, ಆ ಎಲೆಗಳು ಇವತ್ತಿಗೂ ನೋಡದ ಹೂವು.