ಎಲ್ಲರೂ ಸಾಮಂತರಾದ ಕಾಡು

ಮಕ್ಕಳೇ, ಇದು ನಮ್ಮ ಕಡೆಯ ಕಾಡಲ್ಲ. ಪಶ್ಚಿಮಕ್ಕೆ ಸಮುದ್ರ ದಾಟಿ ಹೋದರೆ ಯುರೋಪ್ ಸಿಗುತ್ತದಲ್ಲ, ಅಲ್ಲಿಯದು. ರಾಜರು ಕಲ್ಲಿನ ಕೋಟೆಯಲ್ಲಿ ಕುಳಿತು, ಕಬ್ಬಿಣದ ಅಂಗಿ ತೊಟ್ಟ ಸವಾರರನ್ನು ಯುದ್ಧಕ್ಕೆ ಅಟ್ಟುತ್ತಿದ್ದ ಹಳೆಯ ಕಾಲ. ಅಂಥ ಒಂದು ಕೋಟೆಯ ಹಿಂದೆ ಓಕ್ ಮರಗಳ ದಟ್ಟ ಕಾಡಿತ್ತು.

ಆ ಕಾಡಿನಲ್ಲಿ ಓಡೋ ಎಂಬ ಕರಡಿ, ಪೆರ್ಕಿನ್ ಎಂಬ ಮೊಲ, ಮಾಡ್ಲಿನ್ ಎಂಬ ಅಳಿಲು ನೆರೆಹೊರೆಯಲ್ಲಿ ಬಾಳುತ್ತಿದ್ದವು. ಮೊಲ ಗೆಡ್ಡೆ ಅಗೆದು ತರುತ್ತಿತ್ತು, ಅಳಿಲು ಕಾಯಿ ಆರಿಸಿ ತರುತ್ತಿತ್ತು. ಅದನ್ನೆಲ್ಲ ಚಳಿಗಾಲಕ್ಕೆಂದು ಕರಡಿಯ ಗುಹೆಯಲ್ಲಿ ಕೂಡಿಡುತ್ತಿದ್ದವು. ಕರಡಿ ಗುಹೆಯ ಬಾಗಿಲಿಗೆ ಅಡ್ಡವಾಗಿ ಮಲಗಿ, ಬೆಟ್ಟದ ತೋಳ ಒಳಗೆ ಬರದಂತೆ ಕಾಯುತ್ತಿತ್ತು.

ಓಡೋ ಒಳ್ಳೆಯ ಪ್ರಾಣಿ. ಆದರೆ ಯಾರಾದರೂ ಹೊಗಳಿದರೆ ಬೆಣ್ಣೆಯಂತೆ ಕರಗಿಬಿಡುತ್ತಿತ್ತು. "ಓಡೋ ಅಣ್ಣ, ನಿನ್ನ ಆಕಳಿಕೆ ಎಷ್ಟು ಗಂಭೀರ!" ಎಂದರೆ ಸಾಕು, ದಿನವಿಡೀ ಆಕಳಿಸುತ್ತಿತ್ತು.

ಒಂದು ಬೆಳಗ್ಗೆ ಕೋಟೆಯ ಅಡುಗೆಮನೆಯಿಂದ ಗೋಡ್ವಿನ್ ಎಂಬ ಹುಂಜ ಓಡಿಬಂತು. ಅಡುಗೆಯವನು ಈರುಳ್ಳಿ ಹೆಚ್ಚುತ್ತಾ ತನ್ನನ್ನೇ ದಿಟ್ಟಿಸುತ್ತಿದ್ದುದನ್ನು ನೋಡಿ ಅದಕ್ಕೆ ವಿಷಯ ಅರ್ಥವಾಗಿತ್ತು.

"ಇಲ್ಲಿ ರಾಜ ಯಾರು?" ಎಂದು ಹುಂಜ ಏದುಸಿರು ಬಿಡುತ್ತಾ ಕೇಳಿತು.

"ರಾಜನೇ? ನಮಗೆ ಅಂಥವರು ಯಾರೂ ಇಲ್ಲವಲ್ಲ" ಎಂದಿತು ಮೊಲ.

"ಛೆ ಛೆ! ಎಂಥ ಕಾಡಪ್ಪ ಇದು! ಕೋಟೆಯಲ್ಲಿ ನೋಡಬೇಕು ನೀವು. ಎಲ್ಲರಿಗಿಂತ ಮೇಲೆ ರಾಜ. ಅವನು ಸಾಮಂತರಿಗೆ ಭೂಮಿ ಕೊಡುತ್ತಾನೆ. ಸಾಮಂತರ ಕೈಕೆಳಗೆ ಕುದುರೆ ಏರುವ ವೀರರು. ಎಲ್ಲರಿಗಿಂತ ಕೆಳಗೆ ರೈತರು. ಕೆಳಗಿನವರು ಬೆಳೆದದ್ದರಲ್ಲಿ ಅರ್ಧ ಮೇಲಕ್ಕೆ ಕೊಡಬೇಕು. ಮೇಲಿನವರು ಕೆಳಗಿನವರನ್ನು ಕಾಪಾಡಬೇಕು."

"ಇದರಲ್ಲಿ ದುಡಿಯುವವರು ಯಾರು?" ಅಳಿಲು ಕೇಳಿತು.

"ಕೆಳಗಿನವರು."

"ಮೊದಲು ಉಣ್ಣುವವರು?"

"ಮೇಲಿನವರು."

ಅಳಿಲು ಬಾಲ ಕೆರೆದುಕೊಂಡು ಯೋಚಿಸಿತು. ಅಷ್ಟರಲ್ಲಿ ಹುಂಜ ಕರಡಿಯ ಮುಂದೆ ಮಂಡಿಯೂರಿ, "ಮಹಾಪ್ರಭು, ಈ ಭುಜ, ಈ ಹೊಟ್ಟೆ! ನೀವು ಹುಟ್ಟಾ ರಾಜರು!" ಎಂದುಬಿಟ್ಟಿತು.

ಮುಗಿಯಿತು ಕತೆ. ಓಡೋ ಕರಗಿತು. ಕೋಟೆಯವರು ಎಸೆದಿದ್ದ ಮುರುಕು ಬಕೆಟ್ಟಿನ ಕಬ್ಬಿಣದ ಬಳೆಯನ್ನು ತಲೆಗೆ ಇಟ್ಟುಕೊಂಡು ಅದು ರಾಜನಾಯಿತು. ಹುಂಜದ ಭುಜಕ್ಕೆ ಕೋಲು ಮುಟ್ಟಿಸಿ, "ಏಳು, ಮಹಾಸಾಮಂತ!" ಎಂದಿತು.

"ಪ್ರಭು, ನನ್ನನ್ನೂ ಸಾಮಂತ ಮಾಡಿ" ಎಂದು ಮೊಲ ಬಾಗಿತು. ಕರಡಿ ಅದಕ್ಕೂ ಕೋಲು ಮುಟ್ಟಿಸಿತು. ಮರುಕ್ಷಣವೇ ಅಳಿಲು ಬಂದು ಬಾಗಿತು. ಕೋಲು ಸ್ವಲ್ಪ ಜೋರಾಗಿ ಬಿತ್ತು. ಅಳಿಲು ಎಲೆಗಳೊಳಗೆ ಹೂತುಹೋಗಿ, "ಸಾಮಂತಳಾದೆನೋ ಸತ್ತೆನೋ?" ಎಂದು ಕೇಳಿತು. ಕೊನೆಗೆ ತೆವಳುತ್ತಾ ಬಂದ ಒಂದು ಬಸವನಹುಳುವಿಗೂ "ಅತಿವೇಗದ ಅಶ್ವವೀರ" ಎಂಬ ಬಿರುದು ಸಿಕ್ಕಿತು.

ಮರುದಿನ ಮೊಲ ಅಗೆಯಲು ಹೋಗಲಿಲ್ಲ. "ನಾನು ಸಾಮಂತ. ಅಗೆಯುವುದು ರೈತರ ಕೆಲಸ" ಎಂದು ಕಾಲ ಮೇಲೆ ಕಾಲು ಹಾಕಿ ಕುಳಿತಿತು. ಅಳಿಲೂ ಮರ ಹತ್ತಲಿಲ್ಲ. "ರೈತ ಬಂದು ಕಾಯಿ ಆರಿಸಲಿ" ಎಂದಿತು. ಇಡೀ ಕಾಡು ಹುಡುಕಿದರೂ ರೈತನಾಗಲು ಒಪ್ಪುವವರು ಒಬ್ಬರೂ ಸಿಗಲಿಲ್ಲ. ಕಾಯಿಗಳು ಉದುರಿ ಕೊಳೆತವು.

ಹಾಗಂತ ಕಾಡಿನಲ್ಲಿ ಕೆಲಸವೇ ಇರಲಿಲ್ಲ ಅನ್ನಬೇಡಿ. ಮೊಲಕ್ಕೂ ಅಳಿಲಿಗೂ ಒಂದು ಯುದ್ಧವಾಯಿತು. ಹಳ್ಳದ ಮೇಲಿನ ಮರದ ದಿಮ್ಮಿಯನ್ನು ಮೊದಲು ಯಾರು ದಾಟಬೇಕು ಎಂಬುದೇ ಜಗಳ. ಎರಡೂ ದಿಮ್ಮಿಯ ನಡುವೆ ಎದುರುಬದುರು ನಿಂತು, "ನೀನು ಬಾಗು", "ನೀನೇ ಬಾಗು" ಎಂದು ಸಂಜೆಯವರೆಗೂ ಕೂಗಾಡಿದವು. ಕಡೆಗೆ ಸಾಕಾಗಿ ಎರಡೂ ಒಟ್ಟಿಗೆ ಬಾಗಿದವು. ತಲೆಗೆ ತಲೆ ಢಿಕ್ಕಿ ಹೊಡೆದು ಎರಡೂ ಹಳ್ಳಕ್ಕೆ ಬಿದ್ದವು. ದಡದಲ್ಲಿದ್ದ ಹುಂಜ, "ಮಹಾಯುದ್ಧ! ಎರಡೂ ಕಡೆಗೆ ಜಯ!" ಎಂದು ಕೂಗಿತು.

ಹಿಮ ಬೀಳತೊಡಗಿತು. ಆಗ ಬೆಟ್ಟದ ತೋಳ ಇಳಿದುಬಂತು. ಗುಹೆಯ ಬಾಗಿಲಲ್ಲಿ ಯಾರೂ ಇರಲಿಲ್ಲ. ರಾಜರು ಬಾಗಿಲು ಕಾಯುತ್ತಾರೆಯೇ? ಓಡೋ ಒಳಗೆ ಬಂಡೆಯ ಸಿಂಹಾಸನದ ಮೇಲಿತ್ತು, ಸಾಮಂತರೆಲ್ಲ ಸುತ್ತ ಕುಳಿತಿದ್ದರು. ತೋಳ ನೇರವಾಗಿ ಬಂದು ಅದರ ಮುಂದೆ ಮಂಡಿಯೂರಿತು.

"ಮಹಾಪ್ರಭು, ನಿಮ್ಮ ಕೀರ್ತಿ ಬೆಟ್ಟದ ಆಚೆಗೂ ಕೇಳಿಸಿತು. ನಿಮ್ಮ ಕಾಲಡಿ ಇರದ ಬದುಕೂ ಒಂದು ಬದುಕೇ?"

"ಓಡೋ ಅಣ್ಣ, ಅದು ತೋಳ!" ಅಳಿಲು ಕಿರುಚಿತು.

"ತೋಳವಾದರೇನು? ಎಷ್ಟು ಮರ್ಯಾದಸ್ಥ ನೋಡು" ಎಂದು ಕರಡಿ ಕಣ್ಣೊರೆಸಿಕೊಂಡು ಕೋಲು ಮುಟ್ಟಿಸಿತು. "ಏಳು, ಬಾಗಿಲಿನ ಸಾಮಂತ!"

ತೋಳ ಎದ್ದು ಬಾಗಿಲಿಗೆ ಅಡ್ಡ ನಿಂತಿತು. "ಹಾಗಾದರೆ ನನ್ನ ಪಾಲು ಕೊಡಿ. ಬೆಳೆಯಲ್ಲಿ ಅರ್ಧ."

ಎಲ್ಲರೂ ಉಗ್ರಾಣದ ಮೂಲೆ ನೋಡಿದರು. ಹೋದ ವರ್ಷದ ಒಂದಿಷ್ಟು ಸಿಪ್ಪೆ ಬಿಟ್ಟರೆ ಏನೂ ಇರಲಿಲ್ಲ.

"ಬೆಳೆ ಇಲ್ಲವೇ? ಪರವಾಗಿಲ್ಲ, ಪ್ರಜೆಗಳಲ್ಲಿ ಅರ್ಧ ಕೊಡಿ" ಎಂದು ತೋಳ ಮೊಲದ ಕಿವಿ ಹಿಡಿಯಿತು.

"ನಾನು ಪ್ರಜೆಯಲ್ಲ, ಸಾಮಂತ!" ಮೊಲ ಚೀರಿತು.

"ಸಾಮಂತರ ರುಚಿ ನೋಡಿ ಬಹಳ ದಿನವಾಯಿತು" ಎಂದಿತು ತೋಳ.

ಓಡೋ ಗಾಬರಿಯಿಂದ, "ಸೈನ್ಯ ಹೊರಡಲಿ!" ಎಂದು ಗರ್ಜಿಸಿತು. ಹುಂಜ ಅಳಿಲಿನ ಕಡೆ ತಿರುಗಿ, "ಸೈನ್ಯ ಹೊರಡಲಿ!" ಎಂದಿತು. ಅಳಿಲು ಬಸವನಹುಳುವಿನ ಕಡೆ ತಿರುಗಿ, "ಸೈನ್ಯ ಹೊರಡಲಿ!" ಎಂದಿತು. ಬಸವನಹುಳು ತನ್ನ ಕೆಳಗೆ ಬಗ್ಗಿ ನೋಡಿತು. ಅಲ್ಲಿ ಒಂದು ಎಸಳು ಹುಲ್ಲಿತ್ತು. "ಏಯ್ ಹುಲ್ಲೇ, ನುಗ್ಗು!" ಎಂದಿತು.

ಹುಲ್ಲು ನುಗ್ಗಲಿಲ್ಲ.

"ಗೋಡ್ವಿನ್, ಈಗ ನಿಯಮ ಏನು ಹೇಳುತ್ತದೆ? ಬೇಗ ಹೇಳು!" ಕರಡಿ ಕೇಳಿತು.

"ಮೇಲಿನವರು ಕೆಳಗಿನವರನ್ನು ಕಾಪಾಡಬೇಕು, ಪ್ರಭು."

"ಎಲ್ಲರಿಗಿಂತ ಮೇಲೆ ಯಾರಿದ್ದಾರೆ?"

"ನೀವೇ!"

ಅದು ಓಡೋಗೆ ಹೊಳೆದೇ ಇರಲಿಲ್ಲ. ಧಡಕ್ಕನೆ ಎದ್ದಿತು. ಬಕೆಟ್ಟಿನ ಬಳೆ ಜಾರಿ ಕಣ್ಣಿಗೆ ಅಡ್ಡ ಬಂತು. ಅದನ್ನು ಕಿತ್ತೆಸೆದು, ತೋಳವನ್ನು ಎರಡೂ ಕೈಯಿಂದ ಬಾಚಿ ತಬ್ಬಿ ಹಿಂಡಿತು. ತೋಳದ ಹಿಡಿತ ತಾನಾಗಿ ತಪ್ಪಿತು, ಮೊಲ ಕೆಳಗೆ ಬಿತ್ತು. ಕರಡಿ ಕೈ ಸಡಿಲಿಸಿದ್ದೇ ತಡ, ತೋಳ ಕುಂಟುತ್ತಾ ಬೆಟ್ಟ ಹತ್ತಿತು. ಬಿರುದನ್ನು ಅಲ್ಲೇ ಬಿಟ್ಟು ಹೋಯಿತು.

ಮೊಲ ಕಿವಿ ಸವರಿಕೊಂಡಿತು. ಎಲ್ಲರ ಹೊಟ್ಟೆಗಳೂ ಹಸಿವಿನಿಂದ ಗುರ್ರೆಂದವು.

"ಹಿಮದಡಿ ಇನ್ನೂ ಗೆಡ್ಡೆ ಇರಬಹುದು. ನಾನು ಹೊರಟೆ" ಎಂದು ಮೊಲವೇ ಮೊದಲು ಎದ್ದಿತು. ಅಳಿಲು, ಕರಡಿ ಹಿಂದೆ ಹೋದವು. ಹುಂಜ ನಾಚಿಕೊಂಡು ತಾನೂ ನೆಲ ಕೆರೆಯತೊಡಗಿತು. ಅರೆ, ಎಲ್ಲರಿಗಿಂತ ಚೆನ್ನಾಗಿ ಕೆರೆಯಿತು! ಆ ಚಳಿಗಾಲ ಅವು ಅರೆಹೊಟ್ಟೆಯಲ್ಲೇ ಕಳೆದವು, ಆದರೆ ಎಲ್ಲವೂ ಬದುಕಿ ಉಳಿದವು.

ಅಗೆಯುತ್ತಿರುವಾಗ ಹುಂಜ ಮೆಲ್ಲಗೆ ಕೇಳಿತು: "ಪ್ರಭು, ಇನ್ನು ಮೇಲೆ ನಿಮ್ಮನ್ನು ಏನೆಂದು ಕರೆಯಲಿ?"

"ಏನೆಂದಾದರೂ ಕರೆ" ಎಂದಿತು ಓಡೋ, ಮಣ್ಣು ಒದರಿಕೊಳ್ಳುತ್ತಾ. "ಊಟಕ್ಕೆ ಮಾತ್ರ ಬೇಗ ಕರೆ."

ನೀತಿ: ಹೊಗಳಿಕೆಗೆ ಕರಗಿ ಬಿರುದು ಹಂಚುವವನು ತೋಳಕ್ಕೂ ಹಂಚುತ್ತಾನೆ, ದುಡಿಯುವವರು ಯಾರೂ ಇಲ್ಲದ ಕಡೆ ಆಳುವುದಕ್ಕೂ ಏನೂ ಉಳಿಯುವುದಿಲ್ಲ.